ಒತ್ತಕ್ಷರಕ್ಕೆ ಜಾಗ

ಚೆಂಗಲರಾಯರು ಮೊದಲು ಗುಳ್ಳೆ ಬರೆಯುತ್ತಿದ್ದರು,
ಆಮೇಲೆ ಮನುಷ್ಯರನ್ನು.
ಅದು ನಾನು ಕಲಿಸಿದ್ದು.
"ಇಂಗ್ಲಿಷಿನವರ ಗುಳ್ಳೆ ನೋಡಿ ಬರೀಬೇಡಿ ಸಾರ್,
ನಮ್ಮಕ್ಷರಕ್ಕೆ ಕೆಳಗೂ ಕಾಲಿದೆ.
'ನಿಲ್ಲು' ಅಂದರೆ ಒಂದು ಒತ್ತು ನೇತಾಡುತ್ತೆ,
'ಶಸ್ತ್ರ' ಅಂದರೆ ಮೂರಂತಸ್ತು."
ನಕ್ಕರು. ರಬ್ಬರು ಹಾಕಿ ಉಜ್ಜಿ
ನಿಂತಿದ್ದವನನ್ನು ಅರ್ಧ ಇಂಚು ಮೇಲಕ್ಕೆ ಸರಿಸಿದರು.
ನಮ್ಮ ಮಿಂಚುಳ್ಳಿ ಹಾರಿದ್ದು ಹಾಗೆ,
ಒಂದು ಒತ್ತಕ್ಷರಕ್ಕೆ ಜಾಗ ಬಿಡಲು.

ಕಾಟನ್‌ಪೇಟೆ, ಎಪ್ಪತ್ತೊಂಬತ್ತು.
ಕೆಳಗೆ ಮಿಷನ್ನು, ಮೇಲೆ ತಗಡಿನ ಶೀಟು, ನಡುವೆ ನಾವು.
ಯಾವುದೋ ಸೋಪಿನ ಕಂಪನಿ ಬಿಟ್ಟುಹೋದ
ನೀಲಿ ಶಾಯಿ ಎಂಟು ಡಬ್ಬ ಇತ್ತು ಮಾಲೀಕರ ಹತ್ತಿರ.
ಅದಕ್ಕೇ ಅವನು ನೀಲಿ.
ಕೆಂಪು ದುಡ್ಡು ಕೊಟ್ಟು ತರಬೇಕು,
ಹದಿನಾಲ್ಕು ಸಂಚಿಕೆ ಯಾರಿಗೂ ರಕ್ತ ಬರಲಿಲ್ಲ.
ಓದುಗರು ಕಾರ್ಡು ಬರೆದರು, ಮಿಂಚುಳ್ಳಿ ಅಮರನೇ?

ಪುಟಕ್ಕೆ ಮೂವತ್ತೈದು ಅವರಿಗೆ.
ನನಗೆ ಗುಳ್ಳೆಗೆ ಹತ್ತು ಪೈಸೆ.
ತಿಂಗಳ ಕೊನೆಗೆ ನಮ್ಮ ಖಳರು ತೊದಲುತ್ತಿದ್ದರು,
ಒಂದೇ ಮಾತು ಮೂರು ಗುಳ್ಳೆಯಲ್ಲಿ.

ಮೈಕಟ್ಟು ಪುಸ್ತಕದಿಂದ ಬಂದದ್ದಲ್ಲ.
ಸಿಟಿ ಮಾರ್ಕೆಟ್ಟಿನಲ್ಲಿ ಈರುಳ್ಳಿ ಹೊರುವ
ಕದಿರಪ್ಪನ ಬೆನ್ನು ಅದು.
ಬೆಳಗಿನ ಜಾವ ನಾಲ್ಕಕ್ಕೆ ಎಲೆ ಮಂಡಿಯ ಮೆಟ್ಟಿಲಲ್ಲಿ ಕೂತು
ಸಿಗರೇಟು ಪ್ಯಾಕಿನ ಒಳಮೈಗೆ ಇಳಿಸಿಕೊಳ್ಳುತ್ತಿದ್ದರು.
ಮೂಟೆ ಅಳಿಸಿದರೆ ಸಾಕು, ಹಾರುತ್ತಿದ್ದ.
ಮೂಟೆಯ ಕೆಳಗೆ ಮುಖ ಸರಿಯಾಗಿ ಕಾಣುತ್ತಿರಲಿಲ್ಲವಂತೆ.
ಅದಕ್ಕೆ ಮುಖವಾಡ.

ಮೇಲಿನಿಂದ ಊರು ಹೇಗಿರುತ್ತೆ ಅಂತ ನೋಡಲು
ಯುಟಿಲಿಟಿ ಬಿಲ್ಡಿಂಗು ಹತ್ತಿದರು ಒಂದು ಭಾನುವಾರ.
ಒಂಬತ್ತನೇ ಮಹಡಿಯಲ್ಲಿ ವಾಚ್‌ಮನ್ ಹಿಡಿದು ಇಳಿಸಿದ.
ಆಮೇಲೆ ಮಿಂಚುಳ್ಳಿ ಮೋಡ ದಾಟಿ ಹೋದರೂ
ಬೆಂಗಳೂರು ಒಂಬತ್ತನೇ ಮಹಡಿಯಷ್ಟೇ ದೂರ.

ಎಂಬತ್ತೆಂಟರಲ್ಲಿ ನಿಂತಿತು.
ಟೀವಿ ಅಂದರು, ಕಾಗದದ ರೇಟು ಅಂದರು,
ಉಳಿದ ಪ್ರತಿಗಳು ಅವೆನ್ಯೂ ರಸ್ತೆಗೆ ಕೆಜಿ ಲೆಕ್ಕದಲ್ಲಿ ಹೋದವು.
ನಾನು ಮದುವೆ ಕಾರ್ಡು ಬರೆದೆ,
ಚಿ|| ಸೌ|| ಗಳಿಗೆ ಒತ್ತು ಇಲ್ಲ, ಕೈಗೆ ಆರಾಮ.
ಅವರು ಶಾಲೆಗಳಿಗೆ ಚಾರ್ಟು ಬರೆದರು,
'ಮಾನವ ದೇಹದ ಸ್ನಾಯುಗಳು'.
ಅಲ್ಲೂ ಕದಿರಪ್ಪನೇ,
ಚರ್ಮ ಕಳಚಿ, ಎರಡೂ ತೋಳು ಬಿಟ್ಟು ನಿಂತಿದ್ದ.
ಈ ಸಲ ಕೆಂಪಿಗೆ ಬರವಿರಲಿಲ್ಲ.

ಹೋದ ವರ್ಷ ವೈಟ್‌ಫೀಲ್ಡಿನ ಯಾವುದೋ ಹಾಲಿಗೆ ಕರೆದರು.
ಎಸಿ. ಬಣ್ಣಬಣ್ಣದ ವೇಷದ ಮಕ್ಕಳು.
ಒಬ್ಬ ಹುಡುಗ ನೀಲಿ ಮುಖವಾಡ ತಾನೇ ಹೊಲಿದು ತಂದಿದ್ದ,
ಕಣ್ಣಿನ ತೂತು ಒಂದು ದೊಡ್ಡದು ಒಂದು ಚಿಕ್ಕದು.
ಮೈಕು ಕೇಳಿತು: ಸರ್, ಈ ಪಾತ್ರಕ್ಕೆ ಸ್ಫೂರ್ತಿ?
ರಾಯರು ಬಹಳ ಹೊತ್ತು ತಮ್ಮ ನಡುಗುವ ಬೆರಳು ನೋಡಿಕೊಂಡು
"ಮೂಟೆಗೆ ಎಪ್ಪತ್ತೈದು ಪೈಸೆ ತಗೊಳ್ತಿದ್ದ" ಅಂದರು.
ಚಪ್ಪಾಳೆ ಬಿತ್ತು, ಅರ್ಥವಾಗದಿದ್ದರೂ.

ಮರಳುವಾಗ ಕೆಂಗೇರಿ ಬಸ್ಸು.
ಟೌನ್‌ಹಾಲ್ ದಾಟಿ ಫ್ಲೈಓವರ್ ಹತ್ತಿತು.
ಕಿಟಕಿಯಲ್ಲಿ ಮಸೀದಿಯ ಗುಮ್ಮಟ ನಮ್ಮ ಸಮಕ್ಕೆ ಬಂತು,
ಕೆಳಗೆ ಟಾರ್ಪಾಲು, ಸೇವಂತಿಗೆ ರಾಶಿ, ಒಂದು ತಳ್ಳುಗಾಡಿ,
ಜನರ ನಡುವೆ ತಾನೇ ನಡೆದು ಹೋಗುತ್ತಿದ್ದ ಒಂದು ಮೂಟೆ.

ನನ್ನ ಮೊಣಕೈ ತಿವಿದರು.
"ನೋಡಮ್ಮ. ಮೇಲಿನಿಂದ ಮೂಟೆಯಷ್ಟೇ ಕಾಣೋದು.
ಹಾರುವವನಿಗೆ ಕದಿರಪ್ಪ ಕಾಣ್ತಿರಲೇ ಇಲ್ಲವಲ್ಲ,
ಇಷ್ಟು ವರ್ಷ."

ಕಂಡಕ್ಟರು ಚಿಲ್ಲರೆ ಕೇಳುತ್ತಿದ್ದ.
ನಾನು ಅಭ್ಯಾಸಬಲದಿಂದ ಅಳತೆ ಹಾಕುತ್ತಿದ್ದೆ,
ಈ ಮಾತಿಗೆ ಎಷ್ಟು ಜಾಗ ಬೇಕು,
ಎಲ್ಲಿ ಸಾಲು ಮುರಿಯಬೇಕು.
ಕದಿರಪ್ಪ.
ನಾಲ್ಕಕ್ಷರ, ಕೊನೆಯದಕ್ಕೆ ಒಂದು ಒತ್ತು.
ಒಂಬತ್ತು ವರ್ಷದಲ್ಲಿ ನಾನು
ಒಮ್ಮೆಯೂ ಬರೆಯದ ಹೆಸರು.